ಬೈರಿಗೆಯ ಕೆಳಗೆ ಲೋಹವನ್ನು ಹಿಡಿಯುವ ಬಗೆ

ಮನೆಯಲ್ಲಿಯೇ ಒಂದು ಚಿಕ್ಕ ಬೈರಿಗೆ ಯಂತ್ರವನ್ನು ಇರಿಸಿಕೊಂಡು ಲೋಹದ ಕೆಲಸ ಮಾಡುವ ಹವ್ಯಾಸಿಗಳು ಅಲಗಿನ ಹರಿತದ ವಿಷಯದಲ್ಲಿ ತೋರುವ ಆಸ್ಥೆಯನ್ನು ಹಿಡಿತದ ವಿಷಯದಲ್ಲಿ ಸಾಮಾನ್ಯವಾಗಿ ತೋರುವುದಿಲ್ಲ. ತಗಡಿನ ತುಂಡನ್ನು ಎಡಗೈಯಿಂದ ಒತ್ತಿ ಹಿಡಿದು, ಬಲಗೈಯಿಂದ ಸನ್ನೆಯನ್ನು ಕೆಳಗೆಳೆಯುತ್ತಾರೆ. ತೂತು ಮುಗಿಯುವವರೆಗೂ ಎಲ್ಲವೂ ಸರಿಯಾಗಿಯೇ ಇರುತ್ತದೆ. ಅಪಾಯವಿರುವುದು ತೂತು ಮುಗಿಯುವ ಆ ಕ್ಷಣದಲ್ಲಿ.

ಅಲಗಿನ ತುದಿ ಲೋಹದ ಕೆಳಮೈಯನ್ನು ಭೇದಿಸಿ ಹೊರಬಂದೊಡನೆ ಅದಕ್ಕಿದ್ದ ತಡೆ ಕಡಿಮೆಯಾಗುತ್ತದೆ. ಕೈಯ ಒತ್ತಡ ಮಾತ್ರ ಹಾಗೆಯೇ ಇರುತ್ತದೆ. ಅಲಗು ಒಮ್ಮೆಲೇ ಮುನ್ನುಗ್ಗಿ, ತೂತಿನ ಅಂಚಿನಲ್ಲಿ ಉಳಿದ ಲೋಹವನ್ನು ಕಚ್ಚಿಕೊಂಡು ತುಂಡನ್ನೇ ತನ್ನೊಡನೆ ತಿರುಗಿಸಿಬಿಡುತ್ತದೆ. ಅರ್ಧ ಅಶ್ವಶಕ್ತಿಯ ಮೋಟಾರು ಬೈರಿಗೆಯನ್ನು ನಿಮಿಷಕ್ಕೆ 400 ಸುತ್ತು ತಿರುಗಿಸುತ್ತಿದೆಯೆನ್ನೋಣ. ಆಗ ದೊರೆಯುವ ತಿರುಚುಬಲ ಸುಮಾರು 9 ನ್ಯೂಟನ್-ಮೀಟರ್. ತೂತಿನಿಂದ 50 ಮಿ.ಮೀ. ದೂರದಲ್ಲಿ ತುಂಡನ್ನು ಹಿಡಿದ ಬೆರಳುಗಳು ಇದನ್ನು ತಡೆಯಬೇಕಾದರೆ 18 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಬೇಕು. ಅಲಗು ಸಿಕ್ಕಿಕೊಂಡಾಗ ತಿರುಗುತ್ತಿರುವ ರಾಟೆಗಳ ಜಡತ್ವವೂ ಸೇರಿ ಇದು ಇನ್ನೂ ಹೆಚ್ಚುತ್ತದೆ. ಅಷ್ಟು ಬಲವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಒದಗಿಸಲು ಯಾವ ಕೈಗೂ ಸಾಧ್ಯವಿಲ್ಲ. ತಗಡು ಗರಗಸದ ಚಕ್ರದಂತೆ ಸುತ್ತುತ್ತದೆ. ಕೈಗವಸು ತೊಟ್ಟರೆ ರಕ್ಷಣೆ ದೊರೆಯುವುದೆಂದು ಭಾವಿಸುವವರುಂಟು. ಬೈರಿಗೆಯ ಬಳಿ ಕೈಗವಸು ರಕ್ಷಣೆಯಲ್ಲ, ಅಪಾಯ. ಅದರ ಬಟ್ಟೆ ಅಲಗಿಗೆ ಸುತ್ತಿಕೊಂಡರೆ ಕೈಯೂ ಅದರೊಡನೆ ಹೋಗುತ್ತದೆ.

ಇದಕ್ಕೆ ಪರಿಹಾರ ಹಿಡಿಪಟ್ಟಿ. ಗುಜರಿ ಅಂಗಡಿಯಲ್ಲಿ ದೊರೆಯುವ 25 ಮಿ.ಮೀ. ಅಗಲ, 12 ಮಿ.ಮೀ. ದಪ್ಪದ ಮೆದು ಉಕ್ಕಿನ ಪಟ್ಟಿಯೊಂದರಿಂದ ಇದನ್ನು ಮಾಡಬಹುದು. ಪಟ್ಟಿಯ ಮುಂತುದಿ, ಅಂದರೆ ಮೂತಿ, ಕೆಲಸದ ತುಂಡನ್ನು ಒತ್ತುತ್ತದೆ. ಹಿಂತುದಿ, ಅಂದರೆ ಹಿಮ್ಮಡಿ, ಒಂದು ಆಸರೆಯ ಮೇಲೆ ಕೂಡುತ್ತದೆ. ನಡುವಿನ ಸೀಳಿನಲ್ಲಿ ಹಾಯುವ ಬೋಲ್ಟು ಎರಡನ್ನೂ ಯಂತ್ರದ ಮೇಜಿಗೆ ಬಿಗಿಯುತ್ತದೆ. ಇದು ಸನ್ನೆಯೇ ಸರಿ. ಬೋಲ್ಟಿನ ಬಲವನ್ನು ಮೂತಿ, ಹಿಮ್ಮಡಿಗಳೆರಡೂ ಹಂಚಿಕೊಳ್ಳುತ್ತವೆ. ಹತ್ತಿರವಿದ್ದುದಕ್ಕೆ ಹೆಚ್ಚಿನ ಪಾಲು. ಮೂತಿಗೂ ಹಿಮ್ಮಡಿಗೂ ನಡುವೆ 120 ಮಿ.ಮೀ. ಅಂತರವಿದ್ದು, ಬೋಲ್ಟು ಮೂತಿಯಿಂದ 30 ಮಿ.ಮೀ. ದೂರದಲ್ಲಿದ್ದರೆ ಬಲದ ಮುಕ್ಕಾಲು ಪಾಲು ಕೆಲಸದ ಮೇಲೆ ಬೀಳುತ್ತದೆ. ಅದೇ ಬೋಲ್ಟನ್ನು ಹಿಮ್ಮಡಿಯ ಕಡೆಗೆ ಸರಿಸಿ, ಅಲ್ಲಿಂದ 30 ಮಿ.ಮೀ. ದೂರದಲ್ಲಿಟ್ಟರೆ ಕೆಲಸಕ್ಕೆ ಕಾಲು ಪಾಲು ಮಾತ್ರ. ಉಳಿದುದೆಲ್ಲ ಆಸರೆಯ ತುಂಡನ್ನು ಭದ್ರವಾಗಿ ಹಿಡಿಯುವುದಕ್ಕೆ ವ್ಯರ್ಥವಾಗುತ್ತದೆ! ನಟ್ಟನ್ನು ಎಷ್ಟು ಬಿಗಿದರೂ ತುಂಡು ಜಾರುತ್ತದೆಂದು ದೂರುವವರು ಮೊದಲು ನೋಡಬೇಕಾದುದು ಈ ಅಂತರವನ್ನು.

ಆದರೆ ಹಿಡಿಪಟ್ಟಿಯಲ್ಲಿ ತೂತು ಕೊರೆಯುವಾಗ ಅದನ್ನು ಹಿಡಿಯುವುದಕ್ಕೆ ಹಿಡಿಪಟ್ಟಿ ಎಲ್ಲಿದೆ? ಇದಕ್ಕೊಂದು ಸುಲಭವಾದ ಉಪಾಯವಿದೆ. ಉಕ್ಕಿನ ಪಟ್ಟಿಯನ್ನು ಮೊದಲೇ ತುಂಡರಿಸಬಾರದು. ಎರಡು ಮೂರು ಅಡಿಗಳ ಉದ್ದದಲ್ಲಿಯೇ ಅದನ್ನು ಮೇಜಿನ ಮೇಲಿರಿಸಿ, ಉದ್ದನೆಯ ಭಾಗವು ನಮ್ಮ ಎಡಗಡೆಗೆ ಚಾಚಿ ಯಂತ್ರದ ಕಂಬಕ್ಕೆ ತಾಗಿಕೊಂಡಿರುವಂತೆ ನೋಡಿಕೊಳ್ಳಬೇಕು. ಬೈರಿಗೆ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ಸುತ್ತುವುದರಿಂದ, ಅಲಗು ಕಚ್ಚಿದರೂ ಪಟ್ಟಿ ಕಂಬಕ್ಕೆ ಒತ್ತಿ ನಿಲ್ಲುತ್ತದೆಯೇ ಹೊರತು ನಮ್ಮ ಕಡೆಗೆ ಬೀಸುವುದಿಲ್ಲ. ಆದರೆ ಕಂಬ ತಡೆಯುವುದು ಸುತ್ತನ್ನು ಮಾತ್ರ. ಪಟ್ಟಿ ಮೇಲಕ್ಕೇಳದಂತೆ ಬಡಗಿಯ ಸಿ-ಕ್ಲ್ಯಾಂಪಿನಿಂದ ಅದನ್ನು ಮೇಜಿಗೆ ಬಿಗಿಯುವುದೂ ಅಗತ್ಯ.

ಮೂತಿಯಿಂದ 25 ಮಿ.ಮೀ. ಬಿಟ್ಟು, 11 ಮಿ.ಮೀ. ಅಲಗಿನಿಂದ ಸುಮಾರು 50 ಮಿ.ಮೀ. ಉದ್ದಕ್ಕೆ ಸಾಲಾಗಿ, ಒಂದಕ್ಕೊಂದು ತಗಲದಂತೆ ತೂತುಗಳನ್ನು ಕೊರೆದು, ನಡುವಣ ಗೋಡೆಗಳನ್ನು ಉಳಿಯಿಂದ ಕಡಿದು, ಅರದಿಂದ ಉಜ್ಜಿ ಒಂದೇ ಸೀಳನ್ನಾಗಿ ಮಾಡಬೇಕು. ಬೇಸರದ ಕೆಲಸ, ಆದರೆ ಒಮ್ಮೆ ಮಾಡಿದರೆ ಸಾಕು. ಹಿಮ್ಮಡಿಯ ಕಡೆ 8.5 ಮಿ.ಮೀ. ತೂತು ಕೊರೆದು, ಅದರಲ್ಲಿ 10 ಮಿ.ಮೀ. ಬೋಲ್ಟಿಗೆ ತಕ್ಕ ತಿರುಪು ಹಾಕಿಸಿದರೆ ಆ ಬೋಲ್ಟೇ ಎತ್ತರ ಬದಲಿಸಬಲ್ಲ ಆಸರೆಯಾಗುತ್ತದೆ. ಮರದ ಚೂರುಗಳನ್ನು ಹುಡುಕುವ ಕಷ್ಟ ತಪ್ಪುತ್ತದೆ. ಬೋಲ್ಟಿನ ತುದಿ ಮೇಜನ್ನು ಕುಳಿ ಬೀಳಿಸದಂತೆ ಅದರ ಕೆಳಗೊಂದು ತಗಡಿನ ತುಂಡಿಡಬೇಕು. ಇವೆಲ್ಲ ಆದ ಮೇಲೆ 135 ಮಿ.ಮೀ. ಉದ್ದಕ್ಕೆ ಕತ್ತರಿಸಬಹುದು. ಬಳಸುವಾಗ ಹಿಮ್ಮಡಿ ಮೂತಿಗಿಂತ ಕೂದಲೆಳೆಯಷ್ಟು ಎತ್ತರವಾಗಿರಲಿ. ತಗ್ಗಾಗಿದ್ದರೆ ಪಟ್ಟಿ ತುಂಡಿನ ಅಂಚನ್ನಷ್ಟೇ ಒತ್ತಿ, ಅದನ್ನು ಹೊರಕ್ಕೆ ಜಾರಿಸುತ್ತದೆ.

ಎರಕದ ತುಂಡುಗಳ ತಳ ಸಮತಲವಾಗಿರುವುದು ಅಪರೂಪ. ಮೂರು ಕಾಲಿನ ಪೀಠ ಎಂತಹ ನೆಲದ ಮೇಲೂ ಅಲುಗಾಡುವುದಿಲ್ಲವಷ್ಟೆ. ಆದ್ದರಿಂದ ಅಂತಹ ತುಂಡನ್ನು ಮೂರೇ ಆಸರೆಗಳ ಮೇಲೆ ಕೂಡಿಸಿ, ಪ್ರತಿಯೊಂದು ಹಿಡಿಪಟ್ಟಿಯ ಮೂತಿ ಒಂದೊಂದು ಆಸರೆಯ ನೇರಕ್ಕೆ ಬರುವಂತೆ ಬಿಗಿಯಬೇಕು. ಟೊಳ್ಳು ಜಾಗದ ಮೇಲೆ ಬಿಗಿದರೆ ಲೋಹ ಬಾಗುತ್ತದೆ. ಬಾಗಿದ ಸ್ಥಿತಿಯಲ್ಲಿ ಕೊರೆದ ತೂತು, ನಟ್ಟನ್ನು ಸಡಿಲಿಸಿದೊಡನೆ ಓರೆಯಾಗುತ್ತದೆ. ಉಜ್ಜಿ ನಯಗೊಳಿಸಿದ ತಳವಾದರೆ ಮೇಜಿಗೂ ಅದಕ್ಕೂ ನಡುವೆ ತೆಳ್ಳನೆಯ ಕಾಗದವೊಂದನ್ನು ಹಾಸುವುದು ಒಳ್ಳೆಯದು; ಜಾರುವಿಕೆ ಕಡಿಮೆಯಾಗುತ್ತದೆ.

ದುಂಡು ಸರಳಿಗೆ ಬೇರೆಯೇ ಆಸನ ಬೇಕು. ಗಟ್ಟಿಮರದ ದಿಮ್ಮಿಯಲ್ಲಿ 90 ಅಂಶಗಳ ತೋಡನ್ನು ಕೊಯ್ದು, ಅದರೊಳಗೆ ಆಂಗಲ್ ಕಬ್ಬಿಣದ ತುಂಡನ್ನು ತಿರುಪುಮೊಳೆಗಳಿಂದ ಕೂಡಿಸಿದರೆ ಆಯಿತು. ಮೊಳೆಯ ತಲೆಗಳು ಕಬ್ಬಿಣದ ಮೈಯಿಂದ ಒಳಗೇ ಇರಬೇಕು. ಈ ತೋಡಿನ ವಿಶೇಷವೆಂದರೆ, ಸರಳು ದಪ್ಪವಿರಲಿ, ತೆಳುವಿರಲಿ, ಅದರ ಕೇಂದ್ರ ಯಾವಾಗಲೂ ತೋಡಿನ ನಡುಗೆರೆಯ ನೇರಕ್ಕೇ ಬರುತ್ತದೆ. ಬದಲಾಗುವುದು ಎತ್ತರ ಮಾತ್ರ. ಅಲಗಿನ ತುದಿಯನ್ನು ಒಮ್ಮೆ ಆ ನಡುಗೆರೆಗೆ ಹೊಂದಿಸಿ ದಿಮ್ಮಿಯನ್ನು ಮೇಜಿಗೆ ಬಿಗಿದರೆ ಎಷ್ಟು ಸರಳುಗಳನ್ನಾದರೂ ಒಂದಾದ ಮೇಲೊಂದರಂತೆ ಸರಿಯಾಗಿ ನಡುವಿನಲ್ಲಿಯೇ ಕೊರೆಯಬಹುದು. ಪ್ರತಿ ಬಾರಿಯೂ ಸರಳಿನ ಮೇಲೊಂದು ಹಿಡಿಪಟ್ಟಿಯನ್ನು ಹಾಕಬೇಕು. ತೋಡು ಸರಳನ್ನು ಉರುಳದಂತೆ ತಡೆಯುತ್ತದೆ, ಮೇಲಕ್ಕೇಳದಂತೆ ತಡೆಯುವುದಿಲ್ಲ.