ಬಟವಾಡೆಯಲ್ಲಿ ಮಗ್ಗಕ್ಕೂ ಒಂದು ಪಾಲು

ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ತಿಂಗಳ ಲೆಕ್ಕ ನಡೆಯುವುದಿಲ್ಲ, ವಾರದ ಲೆಕ್ಕವೇ. ಸೀರೆ ಕೊಟ್ಟರೆ ಕೂಲಿ, ಕೂಲಿ ಬಂದರೆ ಸಂತೆ. ಈಚೆಗೆ ತೀರಿಕೊಂಡ ನಮ್ಮ ದೊಡ್ಡಪ್ಪ ಮನೆಯ ಮುಂಭಾಗದಲ್ಲಿ ಎರಡು ಪವರ್‌ಲೂಮ್ ಹಾಕಿಕೊಂಡು, ಈ ವಾರದ ಲೆಕ್ಕದಲ್ಲೇ ಮೂವರು ಮಕ್ಕಳನ್ನು ಓದಿಸಿ ದಡ ಸೇರಿಸಿದರು. ತಿಂಗಳ ಸಂಬಳವಿಲ್ಲದೆ ದುಡಿಯುವ ಯಾರೇ ಆದರೂ ಅವರ ಲೆಕ್ಕದಿಂದ ಕಲಿಯುವುದಿದೆ.

ಬಟವಾಡೆಯ ದಿನ ಕೈಗೆ ಬಂದ ದುಡ್ಡಿನಲ್ಲಿ ಮೊದಲು ನೂರಕ್ಕೆ ಹತ್ತು ರೂಪಾಯಿ ಹಳೇ ಹಾರ್ಲಿಕ್ಸ್ ಬಾಟಲಿಗೆ ಹೋಗುತ್ತಿತ್ತು. ಅದು ಮಗ್ಗದ ಪಾಲು. "ಅದೂ ದುಡಿಯುತ್ತಲ್ಲಪ್ಪಾ, ಅದಕ್ಕೂ ಕೂಲಿ ಬೇಡ್ವಾ?" ಅನ್ನುತ್ತಿದ್ದರು. ಲಾಳಿ ಸವೆದರೆ, ಬೆಲ್ಟ್ ಹರಿದರೆ, ಮೋಟಾರು ಸುಟ್ಟರೆ ಅದೇ ದುಡ್ಡು. ಹಬ್ಬ ಬಂದರೂ ಮನೆಯವರು ಅದಕ್ಕೆ ಕೈ ಹಾಕುವಂತಿರಲಿಲ್ಲ. ಕಂಪನಿಗಳು ಯಂತ್ರದ ಸವಕಳಿಯನ್ನು ಖರ್ಚಿಗೆ ಹಿಡಿದು, ಉಳಿದದ್ದನ್ನಷ್ಟೇ ಲಾಭ ಅನ್ನುವುದೂ ಇದೇ ಕಾರಣಕ್ಕೆ.

ಎರಡನೆಯ ಪಾಲು ದೊಡ್ಡಮ್ಮನದು. ದಿನವಿಡೀ ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಹೆಂಡತಿಯ ಕೆಲಸವನ್ನು ಎಷ್ಟೋ ಮನೆಗಳಲ್ಲಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ದೊಡ್ಡಪ್ಪ ಹಿಡಿದರು. ಆ ಕೂಲಿ ಆಕೆಯ ಹೆಸರಿನ ಪೋಸ್ಟ್ ಆಫೀಸ್ ಆರ್‌ಡಿಗೆ ಸೇರುತ್ತಿತ್ತು.

ಮೂರನೆಯದು ಕೆಲಸ ಕಡಿಮೆಯಾಗುವ ದಿನಗಳಿಗೆ. ಮದುವೆ, ವರಮಹಾಲಕ್ಷ್ಮಿ, ದೀಪಾವಳಿಯ ಹೊತ್ತಿಗೆ ಸೀರೆಗೆ ಬೇಡಿಕೆ. ಆಷಾಢದಲ್ಲಿ ಮದುವೆಗಳಿಲ್ಲ, ಕೇಳುವವರೂ ಕಡಿಮೆ. 2020ರ ಲಾಕ್‌ಡೌನ್‌ನಲ್ಲಿ ಮಗ್ಗಗಳು ನಿಂತಾಗ ಈ ಗಂಟೇ ಅವರ ಮನೆ ನಡೆಸಿತು.

ಈ ಗಂಟಿನಿಂದ ಇನ್ನೊಂದು ಲಾಭವೂ ಆಯಿತು. ಕಷ್ಟ ಬಂದಾಗ ನೇಕಾರರು ಸೀರೆ ಮಾಲೀಕರಿಂದ ಮುಂಗಡ ತರುವುದು ವಾಡಿಕೆ. ಮೇಲ್ನೋಟಕ್ಕೆ ಅದಕ್ಕೆ ಬಡ್ಡಿಯಿಲ್ಲ. ಆದರೆ ಬಾಕಿ ತೀರುವ ತನಕ ಬೇರೆ ಕಡೆ ನೇಯುವಂತಿಲ್ಲ, ಕೊಟ್ಟಷ್ಟೇ ಕೂಲಿ. ಸೀರೆಗೆ ಕಡಿಮೆ ಸಿಗುವ ಆ ಹತ್ತಿಪ್ಪತ್ತು ರೂಪಾಯಿಯೇ ಬಡ್ಡಿ. ಬಾಕಿಯಿಲ್ಲದ ದೊಡ್ಡಪ್ಪ ಮಾತ್ರ ಕೂಲಿ ಚೌಕಾಸಿ ಮಾಡಿ, ಒಪ್ಪದಿದ್ದರೆ ಇನ್ನೊಬ್ಬ ಮಾಲೀಕರ ಹಾಸನ್ನು ಮಗ್ಗಕ್ಕೆ ಏರಿಸುತ್ತಿದ್ದರು.

ಅವರು ಹೋದ ಮೇಲೆ ಅವರ ಹೆಸರಿನ ಖಾತೆಗಳಿಗೆ ಮರಣ ಪತ್ರ, ನಾಮಿನಿ ಅರ್ಜಿ ಅಂತ ಓಡಾಟ ಇದ್ದೇ ಇತ್ತು. ಅಷ್ಟರಲ್ಲಿ ತಿಥಿ ಖರ್ಚಿಗೂ ಮನೆಗೂ ಒದಗಿದ್ದು ದೊಡ್ಡಮ್ಮನ ಸ್ವಂತ ದುಡ್ಡು. ಯಾರ ಮುಂದೆಯೂ ಆಕೆ ಕೈ ಚಾಚಲಿಲ್ಲ.

ಈಗಿನ ಹುಡುಗರು ಇದಕ್ಕೆ ನಾಲ್ಕನೆಯ ಪಾಲೊಂದನ್ನು ಸೇರಿಸಬೇಕು, ವಿಮೆಗೆ. ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಗೆ 18ರಿಂದ 50 ವರ್ಷದೊಳಗಿನವರು ಸೇರಬಹುದು. ವರ್ಷಕ್ಕೆ 436 ರೂಪಾಯಿ, ಯಾವ ಕಾರಣಕ್ಕೆ ಸಾವು ಬಂದರೂ 2 ಲಕ್ಷ. 55ರ ತನಕ ಮುಂದುವರಿಸಬಹುದು. ಪ್ರಧಾನಮಂತ್ರಿ ಸುರಕ್ಷಾ ವಿಮೆ ಅಪಘಾತಕ್ಕೆ. 70 ವರ್ಷದವರೆಗೆ, ವರ್ಷಕ್ಕೆ 20 ರೂಪಾಯಿ. ಎರಡೂ ಸೇರಿ ವಾರಕ್ಕೆ ಒಂಬತ್ತು ರೂಪಾಯಿಯೂ ಆಗುವುದಿಲ್ಲ. ಮೇ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ಹಣ ಇರಲಿ, ಕಂತು ಅಲ್ಲಿಂದಲೇ ಕಡಿತವಾಗುತ್ತದೆ. ನಾಮಿನಿಯನ್ನೂ ಮರೆಯಬಾರದು: 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರ ತನಕ ನಾಮಿನಿ ಹೆಸರಿಸಬಹುದು. ಮೊದಲ ಹೆಸರು ಕಂಡಿಕೆ ಸುತ್ತಿದವರದೇ ಆಗಲಿ.