ಕುದುರೆ ಬಾಲಕ್ಕೆ ದುಡ್ಡು ಕಟ್ಟುವವರಿಗೆ ಕೆಲವು ಸೂತ್ರ

ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯಲ್ಲಿ ಓಡಾಡಿದವರಿಗೆ ಕಾಂಪೌಂಡಿನ ಆಚೆಯಿಂದ ಏಳುವ ಕೂಗು ಗೊತ್ತು. ಒಳಗಿನ ಲೆಕ್ಕ ಗೊತ್ತಿರುವವರು ಕಡಿಮೆ, ದುಡ್ಡು ಕಟ್ಟುವವರಲ್ಲೂ ಕಡಿಮೆ. ಯಾವ ಕುದುರೆ ಗೆಲ್ಲುತ್ತದೆಂದು ಹೇಳುವ ಸೂತ್ರ ನನ್ನ ಬಳಿ ಇಲ್ಲ. ಇದ್ದಿದ್ದರೆ ಇದನ್ನು ಬರೆಯುತ್ತ ಕೂರುತ್ತಿರಲಿಲ್ಲ. ಕಟ್ಟಿದ ದುಡ್ಡು ಎಲ್ಲಿಗೆ ಹೋಗುತ್ತದೆ, ಗೆದ್ದದ್ದು ಹೇಗೆ ಕೈಗೆ ಬರುತ್ತದೆ ಎಂಬುದನ್ನಷ್ಟೇ ಹೇಳಬಲ್ಲೆ.

1. ನಿಮ್ಮ ಎದುರಾಳಿ ಕುದುರೆಯಲ್ಲ, ಪಕ್ಕದಲ್ಲಿ ನಿಂತವನು. ರೇಸ್ ಕ್ಲಬ್ಬು ನಡೆಸುವ ಟೋಟ್ ಎಂಬ ವ್ಯವಸ್ಥೆಯಲ್ಲಿ ಎಲ್ಲರ ದುಡ್ಡೂ ಒಂದೇ ಹುಂಡಿಗೆ ಬೀಳುತ್ತದೆ. ಹುಂಡಿಯಲ್ಲಿ 1,00,000 ರೂಪಾಯಿ ಸೇರಿತು, ಕ್ಲಬ್ಬು ತನ್ನ ಪಾಲೆಂದು 20,000 ತೆಗೆಯಿತು ಎಂದಿಟ್ಟುಕೊಳ್ಳಿ. ಉಳಿದ 80,000 ಗೆದ್ದವರಿಗೆ ಹಂಚಿಕೆ. ಗೆದ್ದ ಕುದುರೆಯ ಮೇಲೆ ಬಿದ್ದದ್ದು 20,000 ಆದರೆ ನಿಮ್ಮ 10 ರೂಪಾಯಿಗೆ 40 ಬರುತ್ತದೆ. ಅದೇ ಕುದುರೆಗೆ ಜನ ಮುಗಿಬಿದ್ದು 64,000 ಕಟ್ಟಿದ್ದರೆ ಬರುವುದು ಹನ್ನೆರಡೂವರೆ. ಕುದುರೆ ಓಡಿದ್ದು ಅಷ್ಟೇ ವೇಗದಲ್ಲಿ! ಹಾಗಾಗಿ ‘ಇದು ಗೆಲ್ಲುತ್ತಾ?’ ಎಂದು ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂತೆ. ‘ಗೆದ್ದರೆ ಈ ರೇಟು ಸಾಕಾ?’ ಎಂಬುದು ಮಿಕ್ಕರ್ಧ. ಹಳೇ ರೇಸುಗಾರರು ಫೇವರಿಟ್ ಕುದುರೆಯನ್ನು ಹೊಗಳುತ್ತಲೇ ಬೇರೊಂದಕ್ಕೆ ಕಟ್ಟುವುದು ಇದಕ್ಕೇ.

2. ಬುಕ್ಕಿಯದು ಬೇರೆ ಲೆಕ್ಕ. ಒಂದಕ್ಕೆ ಮೂರು ಎಂದು ಒಪ್ಪಿ ಚೀಟಿ ಕೊಟ್ಟ ಮೇಲೆ ಜನ ಎಷ್ಟೇ ಮುಗಿಬೀಳಲಿ, ನಿಮ್ಮ ರೇಟು ಅದೇ. ಟೋಟ್ ರೇಟು ಮಾತ್ರ ಕೌಂಟರ್ ಮುಚ್ಚುವವರೆಗೂ ಅಲುಗಾಡುತ್ತದೆ. ಬೋರ್ಡಿನಲ್ಲಿ ಕಂಡದ್ದನ್ನು ನಂಬಿ ಮನೆಗೆ ಸೀರೆ ಆರಿಸಬೇಡಿ. ಇನ್ನು ಬುಕ್ಕಿ ಎಂದರೆ ಮೈದಾನದೊಳಗೆ ಲೈಸೆನ್ಸ್ ಇಟ್ಟುಕೊಂಡವನು. ಗಲ್ಲಿಯಲ್ಲಿ ಫೋನ್ ಹಿಡಿದು ಕೂತವನು ಗೆದ್ದ ಹಣ ಕೊಡದೆ ಹೋದರೆ ಪೊಲೀಸರ ಬಳಿ ಹೋಗಲು ನಿಮಗೂ ಮುಖವಿರುವುದಿಲ್ಲ.

3. ಮೊದಲು ವಿನ್, ಪ್ಲೇಸ್ ಕಲಿಯಿರಿ. ವಿನ್ ಎಂದರೆ ಮೊದಲನೆಯದಾಗಿ ಬರಬೇಕು. ಪ್ಲೇಸ್ ಎಂದರೆ ಮುಂದಿನ ಸಾಲಿನಲ್ಲಿದ್ದರೆ ಸಾಕು. ಎಷ್ಟು ಸ್ಥಾನಕ್ಕೆ ಹಣ ಎಂಬುದು ಓಡುವ ಕುದುರೆಗಳ ಸಂಖ್ಯೆಯ ಮೇಲೆ. ಕ್ವಿನೆಲಾದಲ್ಲಿ ಮೊದಲೆರಡು ಕುದುರೆ ಹೇಳಬೇಕು, ಹಿಂದುಮುಂದಾದರೂ ಚಿಂತೆಯಿಲ್ಲ. ಜಾಕ್‌ಪಾಟ್ ಎಂದರೆ ಐದು ರೇಸುಗಳ ಗೆಲ್ಲುವ ಕುದುರೆಗಳನ್ನು ಮೊದಲೇ ಹೇಳಬೇಕು. ‘ಒಂದೊಂದರಲ್ಲಿ ಎರಡು ಮೂರು ಹಾಕಿಬಿಡೋಣ’ ಎನ್ನುವವರು ಗುಣಾಕಾರ ಮರೆಯುತ್ತಾರೆ. 2, 3, 1, 2, 3 ಎಂದು ಆರಿಸಿದರೆ 36 ಟಿಕೆಟ್. ಎಲ್ಲದರಲ್ಲೂ ಮೂರು ಎಂದರೆ 243!

4. ತೂಕ ಓದಿ. ಹ್ಯಾಂಡಿಕ್ಯಾಪ್ ರೇಸಿನಲ್ಲಿ ಹೆಚ್ಚು ರೇಟಿಂಗ್ ಪಡೆದ ಕುದುರೆಗೆ ಹೆಚ್ಚು ಭಾರ ಹೊರಿಸಿ ಎಲ್ಲವನ್ನೂ ಸಮಕ್ಕೆ ತರಲು ನೋಡುತ್ತಾರೆ. ಕಳೆದ ವಾರ ಸಲೀಸಾಗಿ ಗೆದ್ದದ್ದು ಈ ವಾರ ಅದೇ ತೂಕದಲ್ಲಿ ಓಡುತ್ತಿದೆಯೇ? ದೂರವೂ ಅಷ್ಟೇ ಮುಖ್ಯ. 1,200 ಮೀಟರಿನ ಹುಲಿ, ಡರ್ಬಿಯ 2,400 ಮೀಟರಿನಲ್ಲಿ ಬೆಕ್ಕಾಗಬಹುದು. ಸುಪ್ರೀಂ ಕೋರ್ಟ್ 1996ರಲ್ಲಿ ಕುದುರೆ ರೇಸು ಬರೀ ಅದೃಷ್ಟದಾಟವಲ್ಲ, ಕೌಶಲದ್ದು ಎಂದದ್ದು ಇಂಥ ಓದನ್ನೆಲ್ಲ ಗಮನಿಸಿಯೇ. ದುಡ್ಡು ಕಟ್ಟುವವರೆಲ್ಲರಲ್ಲೂ ಆ ಕೌಶಲ ಇದೆ ಎಂದು ಕೋರ್ಟು ಹೇಳಿಲ್ಲ.

5. ಕೌಂಟರಿನಲ್ಲಿ ಕುದುರೆಯ ಹೆಸರು ಹೇಳಬೇಡಿ. ರೇಸಿನ ನಂಬರು, ಕುದುರೆಯ ನಂಬರು, ವಿನ್ನೋ ಪ್ಲೇಸೋ, ಎಷ್ಟು ರೂಪಾಯಿ ಎಂದು ಒಂದೇ ಉಸಿರಿಗೆ ಹೇಳಿ. ನಿಮ್ಮ ಹಿಂದೆ ಹತ್ತು ಜನ ಚಡಪಡಿಸುತ್ತಿರುತ್ತಾರೆ. ಓಟ ಶುರುವಾಗುವ ಗೇಟಿನ ನಂಬರನ್ನು ಕುದುರೆಯ ನಂಬರೆಂದುಕೊಂಡು ಬೇರೆ ಕುದುರೆಯ ಟಿಕೆಟ್ ಕೊಂಡವರನ್ನು ಕಂಡಿದ್ದೇನೆ. ಟಿಕೆಟ್ ಕೈಗೆ ಬಂದೊಡನೆ, ಅಲ್ಲೇ ನಿಂತು ಓದಿ.

6. ಟಿಕೆಟ್ ಹರಿಯಬೇಡಿ. ಮುಂದೆ ಬಂದ ಕುದುರೆಯೇ ಗೆದ್ದಿತೆಂದು ತಕ್ಷಣ ತೀರ್ಮಾನವಾಗುವುದಿಲ್ಲ. ಮೂಗಿನಷ್ಟು ಅಂತರವಿದ್ದರೆ ಫೋಟೋ ನೋಡುತ್ತಾರೆ. ಅಡ್ಡ ಬಂದನೆಂದು ಯಾರಾದರೂ ಆಕ್ಷೇಪ ಎತ್ತಿದರೆ ತೀರ್ಪು ಕೊಡುವ ಸ್ಟುವರ್ಡ್‌ಗಳು ವಿಡಿಯೊ ನೋಡಿ ಸ್ಥಾನ ಬದಲಿಸಲೂಬಹುದು. ಓಡಿ ಬಂದ ಜಾಕಿ ಮತ್ತೆ ತೂಕ ಹಾಕಿಸಿಕೊಳ್ಳಬೇಕು. ಇದೆಲ್ಲ ಮುಗಿದ ಮೇಲಷ್ಟೇ ಹಣ. ಒಮ್ಮೆ ನಾನು ಸಿಟ್ಟಿನಲ್ಲಿ ಟಿಕೆಟ್ ಚೂರು ಮಾಡಿದ ಐದು ನಿಮಿಷಕ್ಕೆ ನನ್ನ ಕುದುರೆಯನ್ನು ಮೇಲಕ್ಕೆ ತಂದರು. ಆ ಚೂರುಗಳನ್ನು ಹೆಕ್ಕುತ್ತ ಬಗ್ಗಿದ್ದು ನನ್ನ ರೇಸು ಬದುಕಿನ ಅತ್ಯುತ್ತಮ ವ್ಯಾಯಾಮ.

7. ಸರ್ಕಾರವನ್ನು ಪಾಲುದಾರನೆಂದು ಎಣಿಸಿ. ನಿಮ್ಮ ಸೋಲಿನ ಭಾರ ಹೊರದ, ದುಡ್ಡಿನಲ್ಲಿ ಮಾತ್ರ ಪಾಲು ಕೇಳುವ ಪಾಲುದಾರ. ಪಂತದ ಪೂರ್ತಿ ಮೊತ್ತಕ್ಕೆ ಬೀಳುತ್ತಿದ್ದ ಶೇ. 28ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 40 ಆಗಿದೆ. ಗೆದ್ದರೂ ಸೋತರೂ ಅದು ಹೋದದ್ದೇ. ಇನ್ನು ಒಂದೇ ಸಲಕ್ಕೆ ಗೆದ್ದದ್ದು 10,000 ರೂಪಾಯಿ ದಾಟಿದರೆ ಶೇ. 30 ಆದಾಯ ತೆರಿಗೆ ಹಿಡಿದೇ ಕೊಡುತ್ತಾರೆ, ಪ್ಯಾನ್ ಕಾರ್ಡ್ ಜೇಬಿನಲ್ಲಿರಲಿ. ನೋವಿನ ಸಂಗತಿ ಮುಂದಿದೆ: ಸೋತದ್ದನ್ನು ಗೆದ್ದದ್ದರಲ್ಲಿ ಕಳೆಯುವಂತಿಲ್ಲ. ವರ್ಷದಲ್ಲಿ 40,000 ಸೋತು 50,000 ಗೆದ್ದಿರೆನ್ನಿ. ಹೆಂಡತಿಗೆ ಹೇಳುವ ಲಾಭ 10,000. ತೆರಿಗೆ 50,000ಕ್ಕೆ, ಅಂದರೆ 15,000. ಗೆದ್ದು ಐದು ಸಾವಿರ ಸೋತಿರಿ.

8. ‘ಲಾಯದಿಂದಲೇ ಬಂದ ಸುದ್ದಿ ಸಾರ್’ ಎಂದವನಿಗೆ ಚಹಾ ಕುಡಿಸಿ, ದುಡ್ಡು ಕಟ್ಟಬೇಡಿ.

9. ಮೈಸೂರಿನ ಚಾಮುಂಡಿ ಬೆಟ್ಟದ ಬುಡದ ರೇಸ್‌ಕೋರ್ಸಿರಲಿ, ಬೆಂಗಳೂರಿನದಿರಲಿ, ಬಸ್ಸಿನ ದುಡ್ಡು ಬೇರೆ ಜೇಬಿನಲ್ಲಿರಲಿ. ಗೆದ್ದ ನೋಟುಗಳನ್ನು ಕಿಟಕಿಯ ಮುಂದೆಯೇ ಎಣಿಸಿ. ಕೊನೆಯ ರೇಸು ಮುಗಿದಾಗ ಸಾಲು ಉದ್ದವಾಗಿರುತ್ತದೆ, ಹಿಂದಿನವರು ಬೈಯುತ್ತಾರೆ. ಬೈಯಲಿ, ಅವರೂ ಎಣಿಸಿಯೇ ಹೋಗುತ್ತಾರೆ.