ಇಡ್ಲಿ ಯಾರದ್ದು? ಹೆಸರು ಒಂದೇ, ಹಿಟ್ಟು ಹಲವು

ಇಡ್ಲಿ ಹುಟ್ಟಿದ್ದೆಲ್ಲಿ? ಹಾಸ್ಟೆಲ್ ಮೆಸ್ಸಿನಲ್ಲಿ ಈ ಪ್ರಶ್ನೆ ಎದ್ದರೆ ಮೂರು ಉತ್ತರ ಗ್ಯಾರಂಟಿ. ಒಬ್ಬರು 'ನಮ್ಮದು, ಸಾವಿರ ವರ್ಷದ ಹಿಂದೆಯೇ ಕನ್ನಡ ಪುಸ್ತಕದಲ್ಲಿದೆ' ಅಂತಾರೆ. ತಮಿಳು ಗೆಳೆಯರು 'ಅದೆಲ್ಲಾ ಬಿಡಿ, ನಮ್ಮದು' ಅಂತ ನಗ್ತಾರೆ. ಮೂರನೆಯವರು ಮೊಬೈಲ್ ತೆಗೆದು 'ಇಬ್ಬರದ್ದೂ ಅಲ್ಲ, ಇಂಡೋನೇಷ್ಯಾದ್ದು' ಅಂತ ಓದಿ ಹೇಳ್ತಾರೆ. ಎನ್.ಆರ್. ಕಾಲೋನಿಯಿಂದ ಗಾಂಧಿ ಬಜಾರಿನವರೆಗೆ ನಡೆದರೆ ದಾರಿಯುದ್ದಕ್ಕೂ ಇಡ್ಲಿ ಸಿಗುವ ಊರಿನಲ್ಲಿ ಓದುತ್ತಿರುವ ನಾವು, ಈ ಜಗಳದಲ್ಲಿ ಯಾವ ಮಾತಿಗೆ ಎಷ್ಟು ಪುರಾವೆ ಇದೆ ಅಂತ ಒಮ್ಮೆ ನೋಡೋಣ.

ಮೊದಲು ಒಂದು ಕೆಲಸ ಮಾಡಬೇಕು. ಯಾವುದನ್ನು ಹುಡುಕುತ್ತಿದ್ದೇವೆ ಅನ್ನೋದು ಗೊತ್ತಿಲ್ಲದೆ ಹುಡುಕಿದರೆ ಏನೂ ಸಿಗಲ್ಲ. ಇವತ್ತು ನಾವು ತಿನ್ನುವ ಮಾಮೂಲಿ ಇಡ್ಲಿಗೆ ನಾಲ್ಕು ಲಕ್ಷಣ ಇವೆ:

1. ಉದ್ದಿನ ಬೇಳೆ ಇರಬೇಕು.
2. ಅದರ ಜೊತೆ ಅಕ್ಕಿ ಇರಬೇಕು, ಅದೂ ಉದ್ದಿಗಿಂತ ಹೆಚ್ಚಾಗಿ.
3. ರುಬ್ಬಿದ ಹಿಟ್ಟು ರಾತ್ರಿಯಿಡೀ ಹುದುಗಿ ಉಬ್ಬಬೇಕು.
4. ಹಬೆಯಲ್ಲಿ ಬೇಯಬೇಕು.

ಈ ಪಟ್ಟಿ ಕೈಯಲ್ಲಿ ಹಿಡಿದು ಹಳೆಯ ಪುಸ್ತಕಗಳ ಹತ್ತಿರ ಹೋಗೋಣ.

ಪುಸ್ತಕಗಳು ಏನು ಹೇಳುತ್ತವೆ?

ಸುಮಾರು 920ರ ಕಾಲದ್ದು ಎನ್ನಲಾಗುವ ಶಿವಕೋಟ್ಯಾಚಾರ್ಯರ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಎಂಬ ಪದ ಬರುತ್ತದೆ. ಕನ್ನಡದವರ ವಾದಕ್ಕೆ ಇದೇ ಆಧಾರ. ಅಲ್ಲಿ ಅದು ಮನೆಗೆ ಬಂದವರಿಗೆ ಬಡಿಸಿದ ತಿಂಡಿಗಳಲ್ಲಿ ಒಂದು. ಹೆಸರು ಸಿಕ್ಕಿತು ನಿಜ, ಆದರೆ ಮಾಡುವ ವಿಧಾನ ಸಿಗಲಿಲ್ಲ.

ವಿಧಾನ ಸಿಗುವುದು ಸುಮಾರು ನೂರು ವರ್ಷದ ನಂತರ, ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ. ಇದರ ಕಾಲ ಸುಮಾರು 1025. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಬೆರೆಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಹಾಕುವ ಕ್ರಮ ಅಲ್ಲಿದೆ. ಓದಿದರೆ ಬಾಯಲ್ಲಿ ನೀರೂರುತ್ತದೆ, ಆದರೆ ಅಕ್ಕಿ ಎಲ್ಲಿ? ಇಲ್ಲ.

ಮುಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ' ಬರುತ್ತದೆ. ಸುಮಾರು 1130ರ ಈ ಗ್ರಂಥದಲ್ಲಿ 'ಇಡ್ಡರಿಕಾ' ಅಂತ ಹೆಸರು. ಅಲ್ಲೂ ಮುಖ್ಯ ಸಾಮಗ್ರಿ ಉದ್ದೇ.

ಅಂದರೆ ಕನ್ನಡ ನಾಡಿನ ಮೂರು ಸಾಕ್ಷಿಗಳಲ್ಲಿ ಖಚಿತವಾಗಿ ಸಿಗೋದು ಎರಡೇ: ಹೆಸರು ಮತ್ತು ಉದ್ದು.

ಇಂಡೋನೇಷ್ಯಾ ಎಲ್ಲಿಂದ ಬಂತು?

ಈ ಕೊರತೆಯನ್ನು ಹಿಡಿದು ತೋರಿಸಿದವರು ಆಹಾರ ವಿಜ್ಞಾನಿ ಕೆ.ಟಿ. ಅಚ್ಚಯ್ಯ. 1994ರಲ್ಲಿ ಬಂದ ಭಾರತೀಯ ಆಹಾರದ ಇತಿಹಾಸದ ಪುಸ್ತಕದಲ್ಲಿ ಅವರು ಈ ಚರ್ಚೆ ಎತ್ತಿದರು. ಅಕ್ಕಿ, ಹುದುಗು, ಹಬೆ ಈ ಮೂರೂ ಹಳೆಯ ವರ್ಣನೆಗಳಲ್ಲಿ ಕಾಣಿಸಲ್ಲ, ಹಾಗಾದರೆ ಅವು ನಂತರ ಸೇರಿರಬೇಕು ಎಂಬುದು ಅವರ ತರ್ಕ. ಏಳನೆಯ ಶತಮಾನದಲ್ಲಿ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್, ಭಾರತದಲ್ಲಿ ಹಬೆಯಲ್ಲಿ ಬೇಯಿಸುವ ಪಾತ್ರೆ ಇಲ್ಲ ಎಂದು ಬರೆದಿದ್ದನ್ನೂ ಅವರು ಎತ್ತಿಕೊಂಡರು. 800ರಿಂದ 1200ರ ನಡುವೆ ಇಂಡೋನೇಷ್ಯಾದ ಹಿಂದೂ ರಾಜರ ಜೊತೆ ಬಂದ ಅಡುಗೆಯವರು ಹುದುಗಿಸುವ ವಿದ್ಯೆ ತಂದಿರಬಹುದು ಎಂದು ಊಹಿಸಿದರು. ನೆನಪಿಡಿ, ಇದು ಅವರ ಊಹೆ. ಮೊಬೈಲಿನಲ್ಲಿ ಓದುವಾಗ ಆ 'ಬಹುದು' ಬಿದ್ದುಹೋಗಿ 'ತಂದರು' ಅಂತಾಗಿದೆ.

ಈ ಊಹೆಯನ್ನು ನಾವೂ ಪರೀಕ್ಷೆ ಮಾಡಬಹುದು. ಮೊದಲನೆಯದು ಹಬೆ. ಹಬೆಯಲ್ಲಿ ಬೇಯಿಸೋಕೆ ವಿಶೇಷ ಪಾತ್ರೆ ಬೇಕೇ ಬೇಕಾ? ನೀರು ಕುದಿಯುವ ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಮುಚ್ಚಿದರೂ ಸಾಕು. ಕರಾವಳಿಯಲ್ಲಿ ಇವತ್ತಿಗೂ ಹಲಸಿನ ಎಲೆಯ ಕೊಟ್ಟೆಯೊಳಗೆ ಹಿಟ್ಟು ಸುರಿದು ಕಡುಬು ಬೇಯಿಸ್ತಾರೆ. ಎಲೆ, ಬಟ್ಟೆ ಸಾವಿರ ವರ್ಷ ಉಳಿಯಲ್ಲ. ಪಾತ್ರೆ ಇರಲಿಲ್ಲ ಅಂದ ಮಾತ್ರಕ್ಕೆ ಹಬೆಯ ಅಡುಗೆಯೇ ಇರಲಿಲ್ಲ ಅನ್ನೋಕಾಗಲ್ಲ.

ಎರಡನೆಯದು ಹುದುಗು. ಇಂಡೋನೇಷ್ಯಾದ ಪ್ರಸಿದ್ಧ ಟೆಂಪೆ ಸೋಯಾಬೀನಿನ ಮೇಲೆ ಬೂಷ್ಟು ಬೆಳೆಸಿ ಮಾಡುವಂಥದ್ದು. ಇಡ್ಲಿ ಹಿಟ್ಟಿನ ಕಥೆ ಬೇರೆ. ಇಲ್ಲಿ ಕೆಲಸ ಮಾಡೋದು ಮುಖ್ಯವಾಗಿ ಲ್ಯೂಕೋನಾಸ್ಟಾಕ್ ಮೆಸೆಂಟೆರಾಯ್ಡಿಸ್ ಥರದ ಬ್ಯಾಕ್ಟೀರಿಯಾ. ಅದು ಬೇಳೆಯ ಜೊತೆಗೇ ಬರುತ್ತದೆ. ಅದು ಬಿಡುವ ಇಂಗಾಲದ ಡೈಆಕ್ಸೈಡ್ ಹಿಟ್ಟನ್ನು ಉಬ್ಬಿಸುತ್ತದೆ, ಆಮ್ಲ ಹುಳಿ ಕೊಡುತ್ತದೆ, ಉದ್ದಿನ ಲೋಳೆ ಆ ಅನಿಲವನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ನಮ್ಮ ಸೆಖೆಯ ಊರುಗಳಲ್ಲಿ ರುಬ್ಬಿದ ಉದ್ದನ್ನು ಒಂದು ರಾತ್ರಿ ಮರೆತುಬಿಟ್ಟರೆ ಸಾಕು, ಅದು ತಾನೇ ಹುದುಗುತ್ತದೆ. ಇದನ್ನು ಹೊರಗಿನವರು ಬಂದೇ ಕಲಿಸಬೇಕಾಗಿರಲಿಲ್ಲ. ಹಾಗಂತ ಇಲ್ಲೇ ಶುರುವಾಯಿತು ಅಂತ ಇದರಿಂದ ಸಾಬೀತೂ ಆಗಲ್ಲ.

ತಮಿಳಿನಲ್ಲಿ ಪದ ಬರಹಕ್ಕೆ ಬಂದದ್ದು ಹದಿನೇಳನೆಯ ಶತಮಾನದಲ್ಲಿ ಅಂತ ಅಚ್ಚಯ್ಯ ಹೇಳ್ತಾರೆ. ಅದನ್ನು ಕೇಳಿ ನಾವು ಚಪ್ಪಾಳೆ ಹೊಡೆಯೋ ಮುಂಚೆ ಒಂದು ಯೋಚನೆ ಮಾಡೋಣ. ತಿಂಡಿ ಒಲೆಯ ಮೇಲೆ ಹುಟ್ಟುತ್ತದೆ, ಪುಸ್ತಕಕ್ಕೆ ಎಷ್ಟೋ ಕಾಲದ ಮೇಲೆ ಬರುತ್ತದೆ. ಬರೆದ ವರ್ಷ 'ಇಷ್ಟರೊಳಗೆ ಇತ್ತು' ಅಂತ ಹೇಳುತ್ತದೆ. 'ಇದಕ್ಕೂ ಮುಂಚೆ ಇರಲಿಲ್ಲ' ಅಂತ ಹೇಳಲ್ಲ.

ರವೆ ಇಡ್ಲಿಯ ಪಾಠ

ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ನವರ ಮಾತು ಈಗ ನೆನಪಿಸಿಕೊಳ್ಳಿ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ತಾವೇ ಎಂದು ಅವರು ಹೇಳಿಕೊಳ್ಳುತ್ತಾರೆ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತದ್ದಂತೂ ಇತಿಹಾಸ.

ರವೆ ಇಡ್ಲಿಯನ್ನು ನಮ್ಮ ಪಟ್ಟಿಯ ಪಕ್ಕ ಇಡಿ. ಅಕ್ಕಿ ಇಲ್ಲ. ರುಬ್ಬಿದ ಉದ್ದಿನ ಹಿಟ್ಟಿಲ್ಲ. ಮೊಸರು, ಸೋಡಾ ಇರೋದರಿಂದ ರಾತ್ರಿಯಿಡೀ ಹುದುಗೋದೂ ಇಲ್ಲ. ಉಳಿದದ್ದು ಹಬೆ ಮತ್ತು ಹೆಸರು. 1025ರ ಇಡ್ಡಲಿಗೆಯಲ್ಲಿ ಉಳಿಯೋದು ಉದ್ದು ಮತ್ತು ಹೆಸರು. ಎರಡರ ಮುಖ್ಯ ಸಾಮಗ್ರಿಯೇ ಬೇರೆ ಬೇರೆ, ಆದರೂ ಎರಡನ್ನೂ ನಾವು ಒಂದೇ ಹೆಸರಿನಿಂದ ಕರೀತೀವಿ! ಹೆಸರು ಒಂದೇ ಅಂದಕೂಡಲೇ ತಿಂಡಿ ಒಂದೇ ಆಗಲ್ಲ.

ಚೀನಾದಲ್ಲೂ ಇದೇ ತಕರಾರು. ಯಾಂಗ್‌ಝೌ ಫ್ರೈಡ್ ರೈಸಿನ ಹೆಸರಿನಲ್ಲೇ ಊರಿದೆ, ಆದರೆ ಅದು ನಿಜವಾಗಿ ಆ ಊರಿನದ್ದಾ, ದಕ್ಷಿಣದ ಗುವಾಂಗ್‌ಡಾಂಗಿನದ್ದಾ ಅಂತ ವಾದ ಇದ್ದೇ ಇದೆ. 2015ರಲ್ಲಿ ಯಾಂಗ್‌ಝೌನವರು ಅದರಲ್ಲಿ ಏನೇನು ಇರಬೇಕು ಅಂತ ಒಂದು ಮಾನದಂಡವನ್ನೇ ಪ್ರಕಟಿಸಿದರು. ಮಾನದಂಡ ಇವತ್ತಿನ ತಟ್ಟೆಯನ್ನು ಅಳೆಯಬಹುದು, ನಿನ್ನೆಯ ಒಲೆಯನ್ನಲ್ಲ.

ಹಾಗಾದರೆ ಉತ್ತರ?

'ಇಡ್ಲಿ ಯಾರದ್ದು' ಅನ್ನೋದು ಒಂದು ಪ್ರಶ್ನೆಯಲ್ಲ, ಐದು. ಹೆಸರಿನ ಹಳೆಯ ಲಿಖಿತ ಸಾಕ್ಷಿ ಕನ್ನಡದಲ್ಲಿದೆ, ಇದನ್ನು ಧೈರ್ಯವಾಗಿ ಹೇಳಿ. ಉದ್ದಿನ ವಿಧಾನದ ಹಳೆಯ ಸಾಕ್ಷಿಯೂ ಕನ್ನಡದಲ್ಲಿದೆ, ಅದನ್ನೂ ಹೇಳಿ. ಅಕ್ಕಿ, ಹುದುಗು, ಹಬೆ ಈ ಮೂರಕ್ಕೆ ಬಂದಾಗ ಮಾತ್ರ ದನಿ ಸ್ವಲ್ಪ ತಗ್ಗಿಸಿ. ನಮ್ಮ ಅಭಿಮಾನಕ್ಕೆ ಇದರಿಂದ ಏನೂ ಕಮ್ಮಿಯಾಗಲ್ಲ. ಸಾಕ್ಷಿಗಿಂತ ದೊಡ್ಡ ಮಾತಾಡಿದರೆ, ಇರುವ ಒಳ್ಳೆಯ ಸಾಕ್ಷಿಯನ್ನೂ ಜನ ನಂಬಲ್ಲ.

ಇನ್ನೊಂದು ಮಾತು. ಹಳೆಯವರು ಬರೆದಿಡದೆ ಹೋದದ್ದಕ್ಕೇ ಇಷ್ಟೊಂದು ಜಗಳ. ಈಗ ಅಂಗಡಿಯಲ್ಲಿ ಪ್ಯಾಕೆಟ್ ಹಿಟ್ಟು ಸಿಗುತ್ತದೆ, ಮನೆಮನೆಯ ಅಳತೆಗಳು ಸದ್ದಿಲ್ಲದೆ ಮರೆಯಾಗ್ತಿವೆ. ಈ ಸಲ ಊರಿಗೆ ಹೋದಾಗ ಅಜ್ಜಿಯನ್ನೋ ಅಮ್ಮನನ್ನೋ ಕೇಳಿ: ಉದ್ದಿಗೆ ಅಕ್ಕಿ ಎಷ್ಟು ಪಾಲು, ಚಳಿಗಾಲದಲ್ಲಿ ಹಿಟ್ಟನ್ನು ಎಲ್ಲಿಡ್ತಾರೆ, ಅವಲಕ್ಕಿ ಹಾಕ್ತಾರಾ, ಮೆಂತ್ಯ ಹಾಕ್ತಾರಾ. ಊರು, ತಾರೀಖು ಸಮೇತ ಬರೆದಿಡಿ. ಮುಂದೆ ಯಾರಾದರೂ ಇದೇ ಜಗಳ ತೆಗೆದರೆ ಅವರ ಕೈಗೆ ಒಂದು ಹಾಳೆಯಾದರೂ ಸಿಗಲಿ.